ಬಿಳಿಕಲ್ಲಿನ ಅಂಚಿನಲ್ಲಿ ನಿಂತವರು

ರಜೆಯ ದಿನ ಸಂಜೆ ನಾಲ್ಕರ ಹೊತ್ತಿಗೆ ಬಿಳಿಗಿರಿರಂಗನ ಬೆಟ್ಟದ ತುದಿಯಲ್ಲಿ ರಂಗನಾಥನ ಗುಡಿಯೊಳಗಿರುವುದಕ್ಕಿಂತ ಹೆಚ್ಚು ಜನ ಗುಡಿಯ ಪಕ್ಕದ ಬಂಡೆಯಂಚಿನಲ್ಲಿ ಸೇರಿರುತ್ತಾರೆ. ಯಳಂದೂರು, ಕೊಳ್ಳೇಗಾಲ, ಚಾಮರಾಜನಗರಗಳಿಂದ ಬಂದವರು, ಮೈಸೂರು ಬೆಂಗಳೂರುಗಳಿಂದ ಕಾರು ಮಾಡಿಕೊಂಡು ಬಂದವರು, ಮಂಕರಿಯಲ್ಲಿ ಬುತ್ತಿ ಕಟ್ಟಿಕೊಂಡು ಹರಕೆಗೆ ಬಂದ ಬಯಲಿನ ಒಕ್ಕಲು ಮಕ್ಕಳು ಎಲ್ಲರೂ ಅಲ್ಲಿ ಸಾಲಾಗಿ ನಿಂತು ಕೆಳಗೆ ನೋಡುತ್ತಾರೆ. ಎತ್ತರ ಸುಮಾರು ಐದು ಸಾವಿರ ಅಡಿ. ಕಾಲಡಿಯಲ್ಲಿ ಒಮ್ಮೆಗೇ ಕಡಿದು ಬಿದ್ದಂತಿರುವ ಬಿಳಿಯ ಬಂಡೆ. ಅದರಾಚೆಗೆ ಕಾಡಿನ ಇಳಿಜಾರು. ಅದರಾಚೆಗೆ ಗದ್ದೆ, ಕೆರೆ, ತೆಂಗು, ಊರು. ಮೋಡವಿಲ್ಲದ ದಿನವಾದರೆ ಯಳಂದೂರಿನ ಕಡೆಯ ಬಯಲೆಲ್ಲ ಒಂದು ಹಾಳೆಯ ಮೇಲೆ ಬರೆದಂತೆ ಕಾಣುತ್ತದೆ. ಗಾಳಿ ಜೋರಾಗಿ ಬೀಸುತ್ತದೆ. ಮೊಬೈಲುಗಳು ಮೇಲೇಳುತ್ತವೆ. ಹತ್ತು ನಿಮಿಷವಾದ ಮೇಲೆ ಒಬ್ಬೊಬ್ಬರಾಗಿ ತಿರುಗಿ ಮೆಟ್ಟಿಲಿಳಿದು, ಅಂಗಡಿಯಲ್ಲಿ ಚುರುಮುರಿ ಕೊಂಡು, ಗುಂಬಳ್ಳಿಯ ತನಿಖಾ ಠಾಣೆ ಮುಚ್ಚುವುದರೊಳಗೆ ಇಳಿದುಹೋಗುತ್ತಾರೆ.

ಈ ಹತ್ತು ನಿಮಿಷದ ನೋಟಕ್ಕೆ ಯಾರ ತಕರಾರೂ ಇಲ್ಲ. ಎತ್ತರಕ್ಕೆ ಹತ್ತಿ ತನ್ನ ಊರನ್ನು ನೋಡಬೇಕೆಂಬ ಆಸೆ ಮನುಷ್ಯನಿಗೆ ಸಹಜವಾದದ್ದು. ಕೊಳ್ಳೇಗಾಲದ ಮಕ್ಕಳು ಮರಡಿಗುಡ್ಡ ಹತ್ತುವುದೂ, ಮೈಸೂರಿನವರು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ನಂದಿಯ ಬಳಿ ಸುಧಾರಿಸಿಕೊಂಡು ಅರಮನೆಯನ್ನು ಹುಡುಕುವುದೂ ಇದೇ ಆಸೆಯಿಂದ. ತಕರಾರು ಇರುವುದು ಬೇರೆ ಕಡೆ. ಬೆಟ್ಟದ ತುದಿ ಎಂದರೆ ನೋಡುವ ಜಾಗ, ನೋಡುವ ಜಾಗವೆಂದರೆ ಉದ್ಯಾನ, ಉದ್ಯಾನವೆಂದರೆ ರಸ್ತೆ, ವಾಹನ ನಿಲ್ದಾಣ, ವಸತಿಗೃಹ, ಕಬ್ಬಿಣದ ಕಟಕಟೆ, ಬಣ್ಣದ ದೀಪ ಎಂಬ ಎಣಿಕೆ ಕಳೆದ ಎರಡು ದಶಕಗಳಿಂದ ಕಚೇರಿಗಳಲ್ಲೂ ಜನರ ಮನಸ್ಸಿನಲ್ಲೂ ಒಟ್ಟಿಗೆ ಬೆಳೆಯುತ್ತಿದೆ. ಬೆಟ್ಟವನ್ನು ಪಟ್ಟಣದ ಪಾರ್ಕಿನಂತೆ ಕಾಣುವ ಈ ಕಣ್ಣಿಗೆ ಬೆಟ್ಟದ ಮೇಲೆ ಬದುಕುತ್ತಿರುವವರು ಕಾಣುವುದಿಲ್ಲ. ಕಂಡರೂ ಅವರು ನೋಟಕ್ಕೆ ಅಡ್ಡ ಬಂದವರಂತೆ ಕಾಣುತ್ತಾರೆ.

ಮೊದಲು, ಅಂಚಿನಲ್ಲಿ ನಿಂತವರಿಗೆ ಕಾಣುವುದಾದರೂ ಏನು ಎಂಬುದನ್ನು ವಿಚಾರಿಸಬೇಕು. ಕೆಳಗೆ ಹಸಿರಾಗಿ ಕಾಣುವ ಗದ್ದೆ ಸುವರ್ಣಾವತಿಯ ನೀರಿನದು. ಆ ಹೊಳೆಗೆ ನೀರು ಈ ಮಲೆಗಳದು; ಅದು ಯಳಂದೂರಿನ ಸೀಮೆಯನ್ನು ಹಾದು ಕಾವೇರಿಯನ್ನು ಸೇರುತ್ತದೆ. ಬೆಟ್ಟದ ಮೂಡಣ ಮಗ್ಗುಲಿನ ಹಳ್ಳಗಳ ನೀರು ಕೊಳ್ಳೇಗಾಲದ ಕಡೆಯ ಗುಂಡಾಲ್ ಜಲಾಶಯಕ್ಕೆ ಇಳಿಯುತ್ತದೆ. ಹನೂರಿನ ಕಡೆಗೆ ಹೋದರೆ ಉಡುತೊರೆ ಹಳ್ಳದ ಅಣೆಕಟ್ಟಿಗೂ ಮಲೆಯ ಮಳೆಯೇ ಆಧಾರ. ಮುಂಗಾರು ಕೈಕೊಟ್ಟ ವರ್ಷ ಹಿಂಗಾರು ಬಂದು ಈ ಸೀಮೆಯನ್ನು ಕಾಪಾಡುವುದುಂಟು. ಪಶ್ಚಿಮ ಘಟ್ಟಕ್ಕೂ ಪೂರ್ವ ಘಟ್ಟಕ್ಕೂ ನಡುವೆ ಸೇತುವೆಯಂತೆ ಬಿದ್ದಿರುವ ಈ ಬೆಟ್ಟಸಾಲಿಗೆ ಎರಡೂ ಮಳೆಗಳ ಪಾಲಿದೆ. ತುದಿಯ ಹುಲ್ಲುಗಾವಲು ಮತ್ತು ಕಣಿವೆಯ ಶೋಲಾ ಕಾಡು ಆ ಮಳೆಯನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಕೆಳಗೆ ಬಿಡುತ್ತವೆ. ಆದ್ದರಿಂದ ಬಂಡೆಯಂಚಿನಿಂದ ಕಾಣುವ ಬಯಲು ಬೆಟ್ಟಕ್ಕೆ ಹೊರಗಿನದಲ್ಲ. ಬೆಟ್ಟ ಇಳಿಸಿದ ನೀರು ಅಲ್ಲಿ ಭತ್ತವಾಗಿ, ಹಿಪ್ಪುನೇರಳೆಯಾಗಿ, ಕೊಳ್ಳೇಗಾಲದ ರೇಷ್ಮೆಯಾಗಿ ಹರಡಿಕೊಂಡಿದೆ. ಇದೇ ಜಿಲ್ಲೆಯ ನೆಲವನ್ನು ಕರಿಕಲ್ಲಿನ ಕ್ವಾರಿಗಳು ಹಲವೆಡೆ ಅಗೆದು ತೆಗೆದಿವೆ. ಆ ಗಾಯಗಳನ್ನು ಚಿತ್ರದಲ್ಲಿ ಬರದಂತೆ ಪಕ್ಕಕ್ಕೆ ತಳ್ಳುವ ಉಪಾಯವನ್ನು ಈಗ ಚಿಕ್ಕ ಮಕ್ಕಳೂ ಬಲ್ಲರು.

ಈ ಅಂಚಿನಲ್ಲಿ ಹಿಂದೆ ನಿಂತವರು ಹಲವರು. ಎಲ್ಲರಿಗಿಂತ ಮೊದಲಿನವರು ಸೋಲಿಗರು. ಗುಡಿಯ ರಂಗನಾಥ ಅವರಿಗೆ ಭಾವ. ಸೋಲಿಗರ ಹೆಣ್ಣುಮಗಳು ಕುಸುಮಾಲೆಯನ್ನು ವರಿಸಿ ಬೆಟ್ಟದ ಅಳಿಯನಾದವನು ಆತ ಎಂಬ ಕಥೆಯನ್ನು ಪೋಡುಗಳಲ್ಲಿ ಇಂದಿಗೂ ಹಾಡುತ್ತಾರೆ. ರಾತ್ರಿ ಕಾಡು ಸುತ್ತುವ ಈ ದೇವರಿಗೆ ದೊಡ್ಡ ಅಳತೆಯ ತೊಗಲಿನ ಪಾದರಕ್ಷೆಗಳನ್ನು ಬಯಲಿನ ಚಮ್ಮಾರರು ಹೊಲಿದು ಒಪ್ಪಿಸುವ ಸಂಪ್ರದಾಯವಿದೆ. ತಿರುಗಾಟದಲ್ಲಿ ಅವು ಸವೆಯುತ್ತವೆ, ಮತ್ತೆ ಹೊಸವು ಬರುತ್ತವೆ. ಬೆಟ್ಟದ ದೇವರೂ ನಡೆದೇ ಓಡಾಡುತ್ತಾನೆಂಬುದನ್ನು ಬೆಟ್ಟ ಹತ್ತಿಸಲು ಅಗಲದ ರಸ್ತೆ ಕೇಳುವವರು ಒಮ್ಮೆ ಯೋಚಿಸಬಹುದು. ಆಮೇಲೆ ಬಂದವರು ಆಳುವವರು. 1807ರಲ್ಲಿ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ಕೊಳ್ಳೇಗಾಲ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಒಂದೇ ಬೆಟ್ಟಸಾಲಿನ ಎರಡು ಮಗ್ಗುಲು ಎರಡು ಸರ್ಕಾರಗಳ ಕಾಗದದಲ್ಲಿದ್ದವು. ಹೊನ್ನಮೇಟಿ, ಅತ್ತಿಖಾನೆಗಳಲ್ಲಿ ಮಾರಿಸ್ ಮನೆತನದವರು ಕಾಫಿ ಬೆಳೆದರು, ಬೇಟೆಯಾಡಿದರು. 1939ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಗೆ ಹೊರಟ ಸಲೀಂ ಅಲಿ ಈ ಬೆಟ್ಟಗಳಲ್ಲಿ ತಂಗಿದ್ದರು. ಇವರೆಲ್ಲರಿಗೂ ದಾರಿ ತೋರಿಸಿದವರು, ಹೊರೆ ಹೊತ್ತವರು ಸೋಲಿಗರೇ.

ಇನ್ನು ಹತ್ತಿರದ ಕಾಲದ ಕಥೆ. 1974ರಲ್ಲಿ ಗುಡಿಯ ಸುತ್ತಣ ಕಾಡು ವನ್ಯಜೀವಿಧಾಮವಾಯಿತು. 1987ರಲ್ಲಿ ಅದರ ವಿಸ್ತಾರ 539 ಚದರ ಕಿಲೋಮೀಟರಿಗೂ ಮೀರಿತು. 2011ರ ಆರಂಭದಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಕಾಡಿನಲ್ಲಿ ಅಲ್ಲಲ್ಲಿ ಕುಮರಿ ಬೇಸಾಯ ಮಾಡಿ, ರಾಗಿ ಬೆಳೆದು, ನೆಲ ದಣಿದಾಗ ಮುಂದಕ್ಕೆ ಸಾಗುತ್ತಿದ್ದ ಸೋಲಿಗರನ್ನು ಈ ಅವಧಿಯಲ್ಲಿ ರಸ್ತೆಯ ಬದಿಯ ಪೋಡುಗಳಿಗೆ ತಂದು ನೆಲೆಗೊಳಿಸಲಾಯಿತು. ಬೇಟೆ ನಿಂತಿತು, ಬೇಸಾಯ ಒಂದು ತುಂಡು ನೆಲಕ್ಕೆ ಕುಗ್ಗಿತು. ಉಳಿದ ಆಧಾರ ನೆಲ್ಲಿ, ಜೇನು, ಸೀಗೆ, ಪಾಚಿ, ಅಂಟುವಾಳ. ಅವುಗಳ ಮಾರಾಟಕ್ಕೆ ಲ್ಯಾಂಪ್ಸ್ ಸಹಕಾರ ಸಂಘ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿಯನ್ನು ಮುಂದಿಟ್ಟುಕೊಂಡು, 2006ರ ವೇಳೆಗೆ ಮಾರಾಟಕ್ಕಾಗಿ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವುದನ್ನೂ ನಿಲ್ಲಿಸಲಾಯಿತು. ಮರದ ಕೆಳಗೆ ಬಿದ್ದ ನೆಲ್ಲಿಕಾಯಿ ಆಯುವುದು ಅಪರಾಧವಾದ ಆ ವರ್ಷಗಳಲ್ಲಿ ಬಹಳಷ್ಟು ಮಂದಿ ಕಾಫಿ ತೋಟಗಳಿಗೆ, ಕೊಡಗಿಗೆ, ಕ್ವಾರಿಗಳಿಗೆ ಕೂಲಿ ಹುಡುಕಿಕೊಂಡು ಇಳಿದರು. ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ 1981ರಿಂದ ಶಾಲೆ, ಆಸ್ಪತ್ರೆ ಕಟ್ಟಿಕೊಂಡು ಬಂದಿರದಿದ್ದರೆ ಪೋಡುಗಳ ಸ್ಥಿತಿ ಇನ್ನೂ ದಾರುಣವಾಗುತ್ತಿತ್ತು.

ಜನರನ್ನು ಹೊರಗಿಟ್ಟರೆ ಕಾಡು ಸೊಂಪಾಗಿ ಬೆಳೆಯುತ್ತದೆ ಎಂದು ನಂಬಿದ್ದವರಿಗೆ ಕಾಡೇ ಬೇರೆ ಉತ್ತರ ಕೊಟ್ಟಿದೆ. ಸೋಲಿಗರು ಜನವರಿ, ಫೆಬ್ರವರಿಯಲ್ಲಿ, ನೆಲದಲ್ಲಿ ಇನ್ನೂ ತೇವವಿರುವಾಗಲೇ ತರಗೆಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ಅದನ್ನು ತರಗು ಬೆಂಕಿ ಎನ್ನುತ್ತಾರೆ. ಅದು ಮೊಣಕಾಲೆತ್ತರಕ್ಕೆ ಓಡಿ ಆರುತ್ತಿತ್ತು. ಹುಲ್ಲು ಚಿಗುರುತ್ತಿತ್ತು, ಲಂಟಾನದ ಸಸಿ ಸುಟ್ಟುಹೋಗುತ್ತಿತ್ತು, ನೆಲ್ಲಿಮರಕ್ಕೆ ಹತ್ತುವ ಉಪ್ಪಿಲು ಎಂಬ ಬಂದಳಿಕೆ ಹಿಡಿತದಲ್ಲಿರುತ್ತಿತ್ತು. ಬೆಂಕಿ ನಿಷೇಧವಾದ ಮೇಲೆ ಉಪ್ಪಿಲು ಹೆಚ್ಚಿತು, ನೆಲ್ಲಿಮರಗಳು ಒಣಗತೊಡಗಿದವು, ಲಂಟಾನ ಕಾಡಿನ ನೆಲವನ್ನು ಮುಚ್ಚತೊಡಗಿತು ಎಂಬುದು ಪೋಡಿನ ಹಿರಿಯರ ಮಾತು. ಸಂಶೋಧಕರ ಲೆಕ್ಕವೂ ಅದರತ್ತಲೇ ಬೊಟ್ಟು ಮಾಡುತ್ತದೆ: 1997ರಿಂದ 2008ರವರೆಗಿನ ಅವಧಿಯಲ್ಲಿ ಈ ಕಾಡಿನಲ್ಲಿ ಅಳತೆ ಮಾಡಿದ ತಾಣಗಳ ಪೈಕಿ ಲಂಟಾನ ಹಬ್ಬಿದ ತಾಣಗಳ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಬೇಸಿಗೆಯ ತುದಿಯಲ್ಲಿ ಒಣಗಿದ ಲಂಟಾನಕ್ಕೆ ಬೆಂಕಿ ಬಿದ್ದರೆ ಅದು ಮೊಣಕಾಲೆತ್ತರಕ್ಕೆ ನಿಲ್ಲುವುದಿಲ್ಲ, ಮರದ ತಲೆಗೇ ಏರುತ್ತದೆ. ಬಂಡೆಯಂಚಿನಿಂದ ನೋಡುವವರಿಗೆ ಲಂಟಾನವೂ ಹಸಿರೇ, ಹುಲ್ಲುಗಾವಲೂ ಹಸಿರೇ. ಅಷ್ಟು ಎತ್ತರದಿಂದ ಈ ಎರಡು ಹಸಿರಿನ ವ್ಯತ್ಯಾಸ ತಿಳಿಯದು. ಅದು ತಿಳಿಯುವುದು ಒಳಗೆ ನಡೆದವರಿಗೆ, ಮೇವಿಲ್ಲದೆ ಹೊಲಕ್ಕೆ ಇಳಿಯುವ ಕಡವೆ, ಕಾಟಿ, ಆನೆಗಳನ್ನು ರಾತ್ರಿಯೆಲ್ಲ ಕಾಯುವವರಿಗೆ.

ಸೋಲಿಗರ ಕಣ್ಣಿನಲ್ಲಿ ಈ ಬೆಟ್ಟ ಒಂದು ಶಿಖರವೂ ಅದರ ಸುತ್ತಣ ಕಾಡೂ ಅಲ್ಲ. ಅದು ಎಲ್ಲೆಗಳ ಒಂದು ನೇಯ್ಗೆ. ಒಂದೊಂದು ಕುಲಕ್ಕೆ ಒಂದೊಂದು ಎಲ್ಲೆ. ಒಂದೊಂದು ಎಲ್ಲೆಯಲ್ಲಿಯೂ ಅದರದೇ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಭಾರ್ಗವಿ ಹೊಳೆಯ ದಂಡೆಯ ದೊಡ್ಡಸಂಪಿಗೆ ಮರ ಎಲ್ಲರಿಗೂ ಗೊತ್ತು. ಪ್ರವಾಸಿಗಳೂ ಅದನ್ನು ನೋಡಲು ಬಯಸುತ್ತಾರೆ. ಆದರೆ ಆ ಬಗೆಯ ಪವಿತ್ರ ತಾಣಗಳನ್ನು ಸೋಲಿಗರೇ ಸಂಶೋಧಕರ ಜೊತೆ ನಡೆದು ನಕ್ಷೆಯಲ್ಲಿ ಗುರುತಿಸಿದಾಗ ಅವು 400ಕ್ಕೂ ಮೀರಿದವು. ಹೆಸರಿಲ್ಲದ ಒಂದು ಬಂಡೆಯೂ ಒಂದು ತೊರೆಯೂ ಅಲ್ಲಿಲ್ಲ. ಅರಣ್ಯ ಇಲಾಖೆಯ ನಕ್ಷೆಯಲ್ಲಿ ವಲಯಗಳಿವೆ, ಪ್ರವಾಸೋದ್ಯಮದ ನಕ್ಷೆಯಲ್ಲಿ ವೀಕ್ಷಣಾ ಸ್ಥಳಗಳಿವೆ. ಈ ಮೂರನೆಯ ನಕ್ಷೆ ಮಾತ್ರ ಯಾವ ಫಲಕದ ಮೇಲೂ ಏರಿಲ್ಲ.

ಕಾನೂನು ಈ ಮೂರನೆಯ ನಕ್ಷೆಯನ್ನು ಒಪ್ಪಿಕೊಂಡಿದೆ ಎಂಬುದನ್ನು ಮರೆಯುವಂತಿಲ್ಲ. 2006ರ ಅರಣ್ಯ ಹಕ್ಕುಗಳ ಮಾನ್ಯತೆ ಕಾಯ್ದೆಯ ಪ್ರಕಾರ 2011ರಲ್ಲಿ ಇಲ್ಲಿನ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕುಪತ್ರ ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕು ಮಾನ್ಯವಾದದ್ದು ದೇಶದಲ್ಲಿ ಅದೇ ಮೊದಲು. ಪೋಡು ಪೋಡಿಗೂ ನಡೆದು, ಹಿರಿಯರನ್ನು ಕೂರಿಸಿ ಎಲ್ಲೆಗಳನ್ನು ಹೇಳಿಸಿ, ಅರ್ಜಿ ತುಂಬಿ, ತಾಲ್ಲೂಕು ಕಚೇರಿಯ ಬಾಗಿಲಲ್ಲಿ ದಿನಗಟ್ಟಲೆ ಕಾದವರ ದುಡಿಮೆ ಅದು. ಕಾಯ್ದೆಯ 5ನೇ ಕಲಮು ಗ್ರಾಮಸಭೆಗೆ ಕೇವಲ ಕಾಯಿ, ಜೇನು ತೆಗೆಯುವ ಹಕ್ಕನ್ನು ಕೊಟ್ಟು ಸುಮ್ಮನಾಗುವುದಿಲ್ಲ. ಕಾಡು, ವನ್ಯಜೀವಿ, ಜಲಾನಯನ ಪ್ರದೇಶಗಳನ್ನು ರಕ್ಷಿಸುವ ಅಧಿಕಾರವನ್ನೂ, ತಮ್ಮ ಸಾಂಸ್ಕೃತಿಕ ಪರಂಪರೆಗೆ ಹಾನಿ ತರುವ ಕೆಲಸಗಳನ್ನು ತಡೆಯುವ ಅಧಿಕಾರವನ್ನೂ ಕೊಡುತ್ತದೆ. ಹಾಗಿದ್ದ ಮೇಲೆ ಬೆಟ್ಟದ ತುದಿಗೆ ಎಷ್ಟು ವಾಹನ ಬರಬೇಕು, ಎಲ್ಲಿ ಕಟ್ಟಡ ಏಳಬೇಕು, ಕಸ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗಳು ಈ ಸಭೆಗಳ ಮುಂದೆ ಬರಲೇಬೇಕಿತ್ತು. ಅವು ಬರುವುದು ಚಾಮರಾಜನಗರದ, ಬೆಂಗಳೂರಿನ ಸಭಾಂಗಣಗಳ ಮುಂದೆ. ಹಕ್ಕುಪತ್ರ ಮಾತ್ರ ಟ್ರಂಕಿನಲ್ಲಿ ಭದ್ರವಾಗಿದೆ.

ಬೆಟ್ಟವನ್ನು ನೋಟದ ಸರಕಾಗಿಸುವುದು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಅರಿಯಲು ಹೆಚ್ಚು ದೂರ ಹೋಗಬೇಕಿಲ್ಲ. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟವನ್ನೇ ನೋಡಬಹುದು. ಎಪ್ಪತ್ತೇಳು ಮಲೆಗಳ ಒಡೆಯನೆಂದು ಲಕ್ಷಾಂತರ ಜನ ನಂಬಿದ ಮಾದಪ್ಪನ ನೆಲ ಅದು. 2013ರಲ್ಲಿ ಅಲ್ಲಿನ 906 ಚದರ ಕಿಲೋಮೀಟರು ಕಾಡು ವನ್ಯಜೀವಿಧಾಮವಾಯಿತು. ಅದೇ ಬೆಟ್ಟದ ಮೇಲೆ 2023ರಲ್ಲಿ 108 ಅಡಿ ಎತ್ತರದ ಮಹದೇಶ್ವರರ ಪ್ರತಿಮೆ ಉದ್ಘಾಟನೆಯಾಯಿತು. ದೂರದಿಂದ ಬಂದ ಭಕ್ತರಿಗೆ ಅದು ಸಂತೋಷ ತಂದಿರಬಹುದು. ಆ ಸಂತೋಷವನ್ನು ಹೀಗಳೆಯುವುದು ಇಲ್ಲಿಯ ಉದ್ದೇಶವಲ್ಲ. ಆದರೆ ಅದರ ಮರುವರ್ಷವೇ, 2024ರ ಏಪ್ರಿಲ್ 26ರ ಲೋಕಸಭಾ ಚುನಾವಣೆಯ ದಿನ, ಅದೇ ಬೆಟ್ಟದೊಳಗಿನ ಇಂಡಿಗನತ್ತದಲ್ಲಿ ರಸ್ತೆ, ನೀರು, ವಿದ್ಯುತ್ತುಗಳಿಲ್ಲವೆಂದು ಮತದಾನ ಬಹಿಷ್ಕಾರಕ್ಕೆ ಇಳಿದ ಜನರ ಸಿಟ್ಟು ಮತಗಟ್ಟೆಯನ್ನೇ ಒಡೆಯುವವರೆಗೆ ಹೋಯಿತು. ಮತಯಂತ್ರ ಒಡೆದದ್ದು ಸರಿಯೆಂದು ಯಾರೂ ಹೇಳಲಾರರು. ಸಿಟ್ಟು ಅಲ್ಲಿಯವರೆಗೆ ಬೆಳೆಯುವಂತೆ ಬಿಟ್ಟದ್ದು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಹೆಚ್ಚು ಜನ ಕೇಳಲಿಲ್ಲ. ರೋಗಿಯನ್ನು ಡೋಲಿಯಲ್ಲಿ ಹೊತ್ತು ಇಳಿಸುವ ಊರುಗಳು ಇನ್ನೂ ಇರುವ ಬೆಟ್ಟದಲ್ಲಿ, ಅಭಿವೃದ್ಧಿಯ ಹಣವೆಲ್ಲ ತುದಿಯ ಒಂದೆರಡು ಚದರ ಕಿಲೋಮೀಟರಿನೊಳಗೇ ಸುತ್ತುತ್ತಿದೆ.

ತಾಳಬೆಟ್ಟದಿಂದ ಮೇಲಕ್ಕೆ ಪಾದಯಾತ್ರೆ ಹೋಗುವವರ ಹಾದಿ ಇನ್ನೊಂದು ಪಾಠ. ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಸಾವಿರಾರು ಜನ ಬರಿಗಾಲಲ್ಲಿ ಉಘೇ ಎನ್ನುತ್ತ ಹತ್ತುತ್ತಾರೆ. ದಾರಿಯುದ್ದಕ್ಕೂ ಊಟ, ಮಜ್ಜಿಗೆ, ನೀರು ಹಂಚುವ ಪುಣ್ಯವಂತರಿರುತ್ತಾರೆ. ಅವರು ಹೋದ ಮೇಲೆ ಉಳಿಯುವ ತಟ್ಟೆ, ಲೋಟ, ಬಾಟಲಿಗಳನ್ನು ಆಯುವ ಪುಣ್ಯ ಯಾರ ಪಾಲಿಗೂ ಬರೆದಿಲ್ಲ. ಕಡವೆಯ ಹೊಟ್ಟೆಗೆ, ದನದ ಹೊಟ್ಟೆಗೆ, ಹಳ್ಳದ ನೀರಿಗೆ ಅವು ಸೇರುತ್ತವೆ. ಒಂದೇ ಬಾರಿ ಬಳಸಿ ಎಸೆಯುವ ಪ್ಲಾಸ್ಟಿಕ್ಕನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ ಎಂಬುದನ್ನು ಇಲ್ಲಿ ನೆನಪಿಸುವುದು ಕುಚೋದ್ಯದಂತೆ ಕಾಣಬಹುದು.

2025ರ ಜೂನ್ 26ರಂದು ಅದೇ ಮಲೆಯ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿಯೂ ಅದರ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತು. ಹುಲಿಯನ್ನೇ ವಾಹನ ಮಾಡಿಕೊಂಡ ದೇವರ ಬೆಟ್ಟದಲ್ಲಿ ಐದು ಹುಲಿಗಳು ಹೀಗೆ ಸತ್ತದ್ದು ಎಲ್ಲರ ತಲೆ ತಗ್ಗಿಸಿತು. ವಿಷವಿಟ್ಟ ಕೈಗೆ ಯಾವ ಸಮರ್ಥನೆಯೂ ಇಲ್ಲ, ಇರಕೂಡದು. ಆದರೆ ಆ ನಂತರ ನಡೆದ ಚರ್ಚೆಯಲ್ಲಿ ಮೊದಲು ಕೇಳಿಬಂದ ಪರಿಹಾರ ಕಾಡಿನೊಳಗೆ ದನ ಮೇಯಿಸುವುದನ್ನೇ ನಿಲ್ಲಿಸಬೇಕೆಂಬುದಾಗಿತ್ತು. ದೊಡ್ಡಿ ಹಾಕಿಕೊಂಡು ತಲೆಮಾರುಗಳಿಂದ ನಾಟಿ ದನಗಳನ್ನು ಸಾಕಿಕೊಂಡು ಬಂದವರಿಗೂ, ಹೊರಗಿನ ಸಾಹುಕಾರರ ಹಿಂಡನ್ನು ಕೂಲಿಗೆ ಮೇಯಿಸುವವರಿಗೂ ಇರುವ ವ್ಯತ್ಯಾಸವನ್ನು ಗುರುತಿಸುವ ಸಹನೆ ಆ ಚರ್ಚೆಯಲ್ಲಿ ಇರಲಿಲ್ಲ. ಹಸು ಕಳೆದುಕೊಂಡವನಿಗೆ ಪರಿಹಾರದ ಹಣ ಆ ವಾರದಲ್ಲೇ ಕೈಸೇರುತ್ತದೆ ಎಂಬ ನಂಬಿಕೆ ಹುಟ್ಟುವವರೆಗೆ, ಹುಲಿಯ ಭದ್ರತೆಯನ್ನು ಬೇಲಿಯಿಂದಾಗಲಿ ಕ್ಯಾಮೆರಾದಿಂದಾಗಲಿ ಕೊಳ್ಳಲಾಗದು.

ಚಾಮುಂಡಿ ಬೆಟ್ಟದ ಉದಾಹರಣೆಯಲ್ಲಿ ಒಂದಿಷ್ಟು ಧೈರ್ಯವೂ ಇದೆ. ಹದಿನೇಳನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲಕ್ಕೆ ಮೆಟ್ಟಿಲೂ ನಂದಿಯೂ ಆದ ಆ ಬೆಟ್ಟ, ಮೈಸೂರಿನವರಿಗೆ ನಗರವನ್ನು ನೋಡುವ ಜಗಲಿಯಿದ್ದಂತೆ. 2021ರ ಮಳೆಯಲ್ಲಿ ನಂದಿಗೆ ಹೋಗುವ ರಸ್ತೆ ಕುಸಿಯಿತು. ಅಷ್ಟಾದರೂ 2022ರ ಆಯವ್ಯಯದಲ್ಲಿ ಅಲ್ಲಿಗೆ ರೋಪ್‌ವೇ ಹಾಕುವ ಯೋಜನೆ ಪ್ರಕಟವಾಯಿತು. ಮೈಸೂರಿನ ನಾಗರಿಕರು, ಪರಿಸರಾಸಕ್ತರು, ಇತಿಹಾಸ ಬಲ್ಲವರು ಒಟ್ಟಾಗಿ ವಿರೋಧಿಸಿದರು. ಅದೇ ವರ್ಷ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಪಟ್ಟಣದ ವಿದ್ಯಾವಂತರಿಗೆ ತಮ್ಮ ಬೆಟ್ಟದ ಬಗ್ಗೆ ಇಷ್ಟು ಮಾತಾಡುವ ಅವಕಾಶವಿದ್ದರೆ, ಹಕ್ಕುಪತ್ರ ಹಿಡಿದ ಪೋಡಿನವರಿಗೆ ಅದಕ್ಕಿಂತ ಹೆಚ್ಚು ಇರಬೇಕಲ್ಲವೇ? ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ನಡುವೆ ಕಾಲ್ಟನ್ ಎಂಬ ಒಂದು ಗುಡ್ಡವಿದೆ. ಆ ಊರಿನ ನಗರಸಭೆ 1724ರಲ್ಲೇ ಅದನ್ನು ಕೊಂಡು ಜನರ ವಿಹಾರಕ್ಕೆ ಬಿಟ್ಟಿತು. 1826ರಲ್ಲಿ ಅದರ ತಲೆಯ ಮೇಲೆ ಗ್ರೀಕರ ಗುಡಿಯ ಮಾದರಿಯ ಭಾರಿ ಸ್ಮಾರಕವೊಂದನ್ನು ಆರಂಭಿಸಿದರು. ಮೂರು ವರ್ಷಕ್ಕೆ ಹಣ ಮುಗಿಯಿತು. ಸಾಲಾಗಿ ನಿಂತ ಕೆಲವು ಕಂಬಗಳಷ್ಟೇ ಇಂದಿಗೂ ಅಲ್ಲಿವೆ. ಜನ ಅವುಗಳ ಕೆಳಗೆ ಕೂತು ಊರು ನೋಡುತ್ತಾರೆ, ಯಾರಿಗೂ ನಷ್ಟವಾದಂತೆ ಕಾಣುವುದಿಲ್ಲ. ಅಂಥ ಗುಡ್ಡಕ್ಕೂ ಇಲ್ಲಿಯ ಬೆಟ್ಟಕ್ಕೂ ಹೋಲಿಕೆ ಒಂದು ಹಂತದವರೆಗೆ ಮಾತ್ರ. ಅಲ್ಲಿ ಗುಡ್ಡದ ಸುತ್ತ ನಗರ; ಇಲ್ಲಿ ಬೆಟ್ಟದ ಸುತ್ತ ಆನೆಯ ದಾರಿ, ಅಬ್ಬಿಯ ಬುಡ, ಪೋಡಿನ ಒಲೆ. ಅಲ್ಲಿ ಸಲ್ಲುವ ಉದ್ಯಾನದ ಕಲ್ಪನೆ ಇಲ್ಲಿ ಸಲ್ಲುವುದಿಲ್ಲ. ಸಂಜೆಯ ತಿರುಗಾಟಕ್ಕೆ, ಮಕ್ಕಳ ಆಟಕ್ಕೆ ಉದ್ಯಾನ ಬೇಕೆಂದರೆ ಕೊಳ್ಳೇಗಾಲದವರಿಗೆ ಊರೊಳಗೇ ಮರಡಿಗುಡ್ಡವಿದೆ. ಅದನ್ನು ಚೆನ್ನಾಗಿಟ್ಟುಕೊಂಡರೆ ಬಿಳಿಗಿರಿಯ ಮೇಲಿನ ಭಾರವೂ ಒಂದಿಷ್ಟು ಇಳಿದೀತು.

ಬೆಟ್ಟಕ್ಕೆ ಯಾರೂ ಬರಬಾರದು ಎಂಬ ವಾದವನ್ನೂ ಒಪ್ಪಲಾಗದು. ಆ ವಾದ ಹೂಡುವವರಲ್ಲಿ ಕೆಲವರು ಜೀಪಿನಲ್ಲಿ ಸಫಾರಿಗೆ ಬಂದು ಹೋದವರೇ. ಬಯಲಿನ ಬಡವರು ವರ್ಷಕ್ಕೊಮ್ಮೆ ಚಿಕ್ಕಜಾತ್ರೆಗೋ ದೊಡ್ಡಜಾತ್ರೆಗೋ ಬಂದು ಹಣ್ಣು ಜವನ ಎಸೆದು ಹೋಗುವುದನ್ನು ಅಪರಾಧವೆಂಬಂತೆ ನೋಡುವ ಪರಿಸರಪ್ರೇಮ ಅನುಮಾನಾಸ್ಪದವಾದದ್ದು. ಬೆಟ್ಟದ ಮೇಲೆ ಹಣ್ಣುಕಾಯಿ ಮಾರುವವರು, ಚಹಾದ ಅಂಗಡಿಯವರು, ಜೀಪು ಓಡಿಸುವ ಪೋಡಿನ ಹುಡುಗರು ಬದುಕುವುದೂ ಬರುವವರಿಂದಲೇ. ಹಾಗೆಯೇ ಪೋಡಿನವರ ಎಲ್ಲ ನಡೆಯೂ ಸರಿಯೆಂದು ಹೇಳುವ ಅವಶ್ಯಕತೆಯೂ ಇಲ್ಲ. ಅಂಗಡಿಯ ಹಿಂದಿನ ಇಳಿಜಾರಿಗೆ ಕಸ ಸುರಿಯುವವರಲ್ಲಿ ಸ್ಥಳೀಯರೂ ಇದ್ದಾರೆ. ಹೊರಗಿನವರಿಗೆ ನೆಲವನ್ನು ಸದ್ದಿಲ್ಲದೆ ಬಿಟ್ಟುಕೊಟ್ಟು ಆಮೇಲೆ ಅಲ್ಲೇ ಕಾವಲುಗಾರರಾದವರೂ ಇದ್ದಾರೆ. ಇದನ್ನು ಗ್ರಾಮಸಭೆಯಲ್ಲೇ ಎದುರುಬದುರು ಕೂತು ಮಾತಾಡಬೇಕೇ ಹೊರತು ಹೊರಗಿನವರ ಬಾಯಿಂದ ಕೇಳಿಸಿಕೊಳ್ಳುವಂತಾಗಬಾರದು.

ಏನು ಮಾಡಬಹುದು ಎಂಬುದಕ್ಕೆ ಹೊಸ ಸಂಶೋಧನೆ ಬೇಕಿಲ್ಲ. ಜಾತ್ರೆಯ ದಿನಗಳಲ್ಲಿ ಯಳಂದೂರಿನಿಂದ ಹೆಚ್ಚುವರಿ ಸರ್ಕಾರಿ ಬಸ್ಸು ಓಡುವ ರೂಢಿ ಇದ್ದೇ ಇದೆ. ಅದನ್ನು ಎಲ್ಲ ಭಾನುವಾರ, ರಜೆಗಳಿಗೂ ವಿಸ್ತರಿಸಿ, ಖಾಸಗಿ ಕಾರುಗಳನ್ನು ಬೆಟ್ಟದ ಬುಡದಲ್ಲೇ ನಿಲ್ಲಿಸಿದರೆ ತುದಿಯಲ್ಲಿ ವಾಹನ ನಿಲ್ದಾಣ ಅಗಲಿಸುವ ಬೇಡಿಕೆಯೇ ಬಿದ್ದುಹೋಗುತ್ತದೆ. ನೆರೆಯ ನೀಲಗಿರಿ ಜಿಲ್ಲೆಯಲ್ಲಿ 2022ರಿಂದ ಮದ್ಯದ ಬಾಟಲಿಯೊಂದಕ್ಕೆ 10 ರೂಪಾಯಿ ಹೆಚ್ಚಿಗೆ ಪಡೆದು, ಖಾಲಿ ಬಾಟಲಿ ತಂದಾಗ ಅದನ್ನು ಹಿಂದಿರುಗಿಸುವ ಏರ್ಪಾಡು ನಡೆದಿದೆ. ಕಾಟಿಯ, ಆನೆಯ ಕಾಲಿಗೆ ಗಾಜು ಚುಚ್ಚದಿರಲು ಅದು ಸರಳ ದಾರಿ. ಅದನ್ನೇ ಇಲ್ಲಿ ನೀರಿನ ಬಾಟಲಿಗೂ ಅನ್ವಯಿಸಿ, ಠಾಣೆಯಲ್ಲಿ ವಸೂಲು ಮಾಡಿ ಇಳಿಯುವಾಗ ಹಿಂದಿರುಗಿಸಬಹುದು. ನಡೆಸುವ ಹೊಣೆಯನ್ನು ಪೋಡಿನ ಸ್ತ್ರೀಶಕ್ತಿ ಸಂಘಗಳಿಗೆ ಕೊಡಬಹುದು. ಹುಲಿ ಸಂರಕ್ಷಿತ ಪ್ರದೇಶಗಳಿಗೆ 2012ರಲ್ಲಿ ಬಂದ ಪ್ರವಾಸೋದ್ಯಮ ಮಾರ್ಗಸೂಚಿ, ಹುಲಿ ನೆಲೆಯ ತಿರುಳಿನಲ್ಲಿ ಶೇಕಡಾ 20ಕ್ಕಿಂತ ಹೆಚ್ಚು ಭಾಗವನ್ನು ಪ್ರವಾಸಕ್ಕೆ ಬಳಸಕೂಡದೆನ್ನುತ್ತದೆ. ಆ ಲೆಕ್ಕದಲ್ಲಿ ಯಾವ ರಸ್ತೆ, ಯಾವ ಕಟ್ಟಡ ಸೇರಿದೆ ಎಂಬುದನ್ನು ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚುವುದು ಇಲಾಖೆಗೆ ಕಷ್ಟದ ಕೆಲಸವಲ್ಲ. ತರಗು ಬೆಂಕಿಯನ್ನು ಒಂದೆರಡು ಎಲ್ಲೆಗಳಲ್ಲಿ, ಹಿರಿಯರ ನಿರ್ದೇಶನದಲ್ಲಿ, ಇಲಾಖೆಯ ಸಮಕ್ಷಮದಲ್ಲಿ ಮತ್ತೆ ಹಚ್ಚಿ ನೋಡುವ ಪ್ರಯೋಗಕ್ಕೂ ಇದೇ ಸಮಯ.

ಬೆಟ್ಟದ ಶಾಲೆಯಲ್ಲೂ ಕೊಳ್ಳೇಗಾಲ, ಹನೂರು, ಯಳಂದೂರಿನ ಕಾಲೇಜುಗಳಲ್ಲೂ ಓದುತ್ತಿರುವವರಿಗೆ ಇನ್ನೊಂದು ಕೆಲಸವಿದೆ. ಬಂಡೆಯಂಚಿನಲ್ಲಿ ನಿಂತವರಿಗೆ ಕೆಳಗಿನ ಊರು ಯಾವುದೆಂದು ಹೇಳುವವರು ಈಗ ಇಲ್ಲ. ಯರಕನಗದ್ದೆ, ಬಂಗ್ಲೆಪೋಡು, ಹೊಸಪೋಡು, ಪುರಾಣಿಪೋಡುಗಳ ಹಿರಿಯರಲ್ಲಿ ಎಲ್ಲೆಗಳ ಹೆಸರು, ಅಬ್ಬಿಗಳ ಹೆಸರು ಇನ್ನೂ ಉಳಿದಿವೆ. ಅವರು ಇರುವಾಗಲೇ ಕೂತು ಬರೆದುಕೊಂಡು, ಯಾವುದನ್ನು ಹೊರಗಿನವರಿಗೆ ಹೇಳಬಹುದು, ಯಾವುದನ್ನು ಹೇಳಬಾರದು ಎಂಬುದನ್ನು ಅವರಿಂದಲೇ ತೀರ್ಮಾನ ಮಾಡಿಸಿಕೊಂಡು, ಒಂದು ಫಲಕ ಬರೆಸಿದರೆ ಸಾಕು. ಅದಕ್ಕೆ ಯಾವ ಇಲಾಖೆಯ ಅನುದಾನವೂ ಬೇಕಾಗದು.

ದೊಡ್ಡಜಾತ್ರೆಗೆ ಪ್ರತಿ ವರ್ಷ ಬೇಸಿಗೆಯಲ್ಲಿ ಸಿದ್ಧತಾ ಸಭೆ ನಡೆಯುತ್ತದೆ. ಕಂದಾಯ, ಅರಣ್ಯ, ಮುಜರಾಯಿ, ಪೊಲೀಸ್, ಸಾರಿಗೆ ಎಲ್ಲ ಇಲಾಖೆಯವರೂ ಅಲ್ಲಿ ಕೂರುತ್ತಾರೆ. ಆ ಸಭೆಗೆ ಮೊದಲು ಪೋಡುಗಳ ಗ್ರಾಮಸಭೆಗಳು ಸೇರಿ, ವಾಹನ, ಬಾಟಲಿ, ಕಸ, ಕಟ್ಟಡ ಈ ನಾಲ್ಕರ ಮೇಲೆ ಠರಾವು ಬರೆದು, ಅಧ್ಯಕ್ಷರ ರುಜು ಹಾಕಿಸಿ, ತಹಶೀಲ್ದಾರರಿಗೂ ಅರಣ್ಯಾಧಿಕಾರಿಗೂ ಒಂದೊಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಬೇಕು. 2011ರ ಹಕ್ಕುಪತ್ರದ ನಕಲನ್ನೂ ಅದಕ್ಕೆ ಲಗತ್ತಿಸಬೇಕು.